ಜೂನ್‌ನಲ್ಲಿ ಅಲ್ಲ, ದೀಪಾವಳಿಗೆ ಶುರುಮಾಡಿ: ಪುಣೆ ಸುತ್ತಲ ಹಳ್ಳಿಗಳಲ್ಲಿ ಮೊದಲ ದೊಡ್ಡ ತರಕಾರಿ ತೋಟಕ್ಕೆ ಸಮಗ್ರ ಮಾರ್ಗದರ್ಶಿ

ಕೋಥ್ರೂಡ್, ಹಡಪ್ಸರ್, ಪಿಂಪ್ರಿ ಕಡೆಯ ಕನ್ನಡ ಮನೆಗಳಲ್ಲಿ ಮುಳಶಿ, ಭೋರ್, ಪುರಂದರ ತಾಲ್ಲೂಕುಗಳಲ್ಲಿ ಹತ್ತಿಪ್ಪತ್ತು ಗುಂಟೆ ಜಾಗ ಇಟ್ಟುಕೊಂಡವರಿದ್ದಾರೆ. ಅವರ ತೋಟಗಳು ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಕೆಡುತ್ತವೆ. ಮೇ ಕೊನೆಗೆ ಜೆಸಿಬಿ ತರಿಸಿ ನೆಲ ಸಮಮಾಡಿಸುತ್ತಾರೆ. ಮೊದಲ ಮಳೆ ಬಿದ್ದ ವಾರವೇ ಟೊಮೆಟೊ, ಬೆಂಡೆ, ಮೆಣಸಿನಕಾಯಿ ಎಲ್ಲವನ್ನೂ ಹಾಕುತ್ತಾರೆ. ಜುಲೈಗೆ ಕಳೆ ಸೊಂಟದವರೆಗೆ ಬರುತ್ತದೆ, ಕೀಳಲು ಆಳು ಸಿಗುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಗಿಡ ಕೊಳೆತು, ಗೇಟಿಗೆ ಬೀಗ ಬೀಳುತ್ತದೆ.

ಆಳು ಸಿಗದಿರುವುದಕ್ಕೆ ಕಾರಣ ಹಳ್ಳಿಯವರ ಅಸಡ್ಡೆಯಲ್ಲ. ನಿಮಗೆ ಅವರು ಬೇಕಾದ ವಾರಗಳಲ್ಲೇ ಅವರ ಹೊಲಕ್ಕೂ ಅವರೇ ಬೇಕು. ಹಾಗಾಗಿ ಈ ಮಾರ್ಗದರ್ಶಿಯ ಕ್ರಮವನ್ನೆಲ್ಲ ಅಕ್ಕಪಕ್ಕದ ರೈತರ ಕೆಲಸದ ಕಾಲ ನೋಡಿ ಕೂರಿಸಿದ್ದೇನೆ. ದೀಪಾವಳಿಗೆ ಶುರು ಮಾಡಿದರೆ ಮೊದಲ ನಾಟಿ ಮುಂದಿನ ಅಕ್ಟೋಬರ್‌ನಲ್ಲಿ. ಅಷ್ಟು ಕಾಯುವುದೇ ಎಂದು ಅನೇಕರು ಕೇಳುತ್ತಾರೆ. ಕಾಯಬೇಕು. ನಡುವಿನ ಯಾವ ತಿಂಗಳೂ ಖಾಲಿ ಇರುವುದಿಲ್ಲ.

ಜಾಗ ಎಷ್ಟೇ ಇರಲಿ, ಮೊದಲ ವರ್ಷ ಎರಡು ಗುಂಟೆಗಿಂತ ಹೆಚ್ಚು ತರಕಾರಿ ಬೇಡ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. ವಾರಕ್ಕೆರಡು ದಿನ ಮಾತ್ರ ಬರುವ ಮನೆಗೆ ಎರಡು ಗುಂಟೆಯೇ ಕೈತುಂಬ ಕೆಲಸ.

ಮೊದಲು ಬೇಕಾದ ಸಾಮಾನು

ಸಲಿಕೆ, ಗುದ್ದಲಿ, ಹಾರೆ, ಕುಡಗೋಲು, ನಾಲ್ಕೈದು ಕುರ್ಪಿ, ಮಣ್ಣು ಹೊರಲು ಎರಡು ಘಮೇಲೆ, ಅಳತೆಗೆ ಹಗ್ಗ ಮತ್ತು ಗೂಟ. ಮೊಣಕಾಲುದ್ದದ ಗಮ್‌ಬೂಟು ಮನೆಯ ಪ್ರತಿಯೊಬ್ಬರಿಗೂ ಒಂದು ಜೊತೆ ಇರಲೇಬೇಕು. ಕುರ್ಪಿ, ಕುಡಗೋಲನ್ನು ನಗರದ ಅಂಗಡಿಯಲ್ಲಿ ಕೊಳ್ಳಬೇಡಿ. ಊರ ಸಂತೆಯಲ್ಲಿ ಸಿಗುವವು ಅಲ್ಲಿನ ಮಣ್ಣಿಗೆ ತಕ್ಕಂತೆ ಮಾಡಿದವು, ಹಿಡಿ ಸಡಿಲಾದರೆ ಅಲ್ಲೇ ಸರಿಮಾಡಿಸಲೂ ಬರುತ್ತದೆ. ಪವರ್ ವೀಡರ್, ಬ್ರಷ್ ಕಟರ್ ಮೊದಲ ವರ್ಷ ಬೇಡ. ಆ ದುಡ್ಡನ್ನು ನೀರಿನ ಟಾಕಿಗೂ ಬೇಲಿಗೂ ಉಳಿಸಿಕೊಳ್ಳಿ.

ಹಂತ 1: ದೀಪಾವಳಿಯಿಂದ ಸಂಕ್ರಾಂತಿ, ಜನರ ಪರಿಚಯ ಮತ್ತು ಗಡಿ

ಸಾತ್‌ಬಾರಾ ಉತಾರೆ (ನಮ್ಮ ಕಡೆಯ ಪಹಣಿಯಂಥ ಜಮೀನಿನ ದಾಖಲೆ) ಕೈಯಲ್ಲಿ ಹಿಡಿದು, ನಾಲ್ಕೂ ಕಡೆಯ ಹೊಲದವರನ್ನು ಕರೆದು, ಅವರೊಂದಿಗೆ ಗಡಿ ಸುತ್ತು ಹಾಕಿ. ಬದು ಎಲ್ಲಿದೆ, ಎತ್ತಿನ ಗಾಡಿ ಎಲ್ಲಿ ಹಾಯುತ್ತದೆ, ಮಳೆನೀರು ಯಾರ ಹೊಲದಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನೂ ಅವರ ಬಾಯಿಂದಲೇ ಕೇಳಿ. ಅನುಮಾನ ಇದ್ದರೆ ಬೇಲಿ ಹಾಕುವ ಮುಂಚೆ ಸರ್ಕಾರಿ ಮೋಜಣಿ, ಅಂದರೆ ಅಳತೆ, ಮಾಡಿಸಿ. ಬೇಲಿ ಹಾಕಿದ ಮೇಲೆ ಮಾಡಿಸುವ ಅಳತೆ ಜಗಳಕ್ಕೆ ದಾರಿ.

ಬದುವಿನ ವಿಷಯದಲ್ಲಿ ಮೂರು ಎಚ್ಚರಿಕೆ. ಬದುವನ್ನು ಕಡಿದು ನಿಮ್ಮ ಕಡೆಗೆ ಸೇರಿಸಿಕೊಳ್ಳಬೇಡಿ, ಒಂದು ಗೇಣೂ ಸಹ. ನಿಮ್ಮ ನೀರನ್ನು ಪಕ್ಕದ ಹೊಲಕ್ಕೆ ತಿರುಗಿಸಬೇಡಿ. ಬದುವಿನ ಮೇಲೆ ಮಾವು, ಹಲಸು ನೆಡಬೇಡಿ, ಹತ್ತು ವರ್ಷದ ನಂತರ ಅದರ ನೆರಳು ನೆರೆಯವರ ಬೆಳೆಯ ಮೇಲೆ ಬೀಳುತ್ತದೆ.

ಮಾತು ಶುರುಮಾಡುವಾಗ ಕಾಕಾ, ಮಾಮಾ, ಮಾವಶಿ ಎಂದೇ ಕರೆಯಿರಿ. ಮರಾಠಿ ತಡವರಿಸಿದರೂ ಪರವಾಗಿಲ್ಲ, ಆದರೆ ಮೊದಲ ಭೇಟಿಯಲ್ಲೇ ಕೂಲಿ ದರ ಕೇಳಬೇಡಿ. ಅವರ ಹೊಲದ ಬಗ್ಗೆ ಕೇಳಿ. ನಿಮಗೆ ಬೇಕಾದ ಉತ್ತರಗಳು ಆ ಮಾತಿನಲ್ಲೇ ಬರುತ್ತವೆ: ಮೇ ತಿಂಗಳಲ್ಲಿ ಬಾವಿಯಲ್ಲಿ ಎಷ್ಟು ನೀರು ಇರುತ್ತದೆ, ನಿಮ್ಮ ಜಾಗದಲ್ಲಿ ಹಿಂದೆ ಏನು ಬೆಳೆಯುತ್ತಿತ್ತು, ಯಾವ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ, ಕಾಡುಹಂದಿ ಯಾವ ಕಡೆಯಿಂದ ಬರುತ್ತದೆ, ಯಾರ ಮನೆಯಲ್ಲಿ ಹಳೆಯ ಗೊಬ್ಬರ ಇದೆ.

ಇದೇ ಸಮಯದಲ್ಲಿ ಊರಿನ ಕೆಲಸದ ಕಾಲ ಬರೆದಿಟ್ಟುಕೊಳ್ಳಿ. ಮುಳಶಿ, ಮಾವಳ, ಭೋರಿನ ಪಶ್ಚಿಮ ಭಾಗ ಭತ್ತದ ಸೀಮೆ. ಅಲ್ಲಿ ಜೂನ್ ಮೊದಲಿಗೆ ಸಸಿಮಡಿ, ಜುಲೈಯಲ್ಲಿ ನಾಟಿ, ದೀಪಾವಳಿ ಆಸುಪಾಸು ಕೊಯ್ಲು. ಆ ದಿನಗಳಲ್ಲಿ ಯಾರನ್ನೂ ಕರೆಯಬೇಡಿ. ಪುರಂದರದ ಕಡೆ ಮುಂಗಾರಿಗೆ ಸಜ್ಜೆ, ಬಟಾಣಿ. ಹಿಂಗಾರಿಗೆ ಜೋಳ, ಅದರ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರ್, ಕೊಯ್ಲು ಸುಮಾರಾಗಿ ಫೆಬ್ರವರಿ. ಆಷಾಢದಲ್ಲಿ ಅನೇಕ ಮನೆಗಳ ಹಿರಿಯರು ಪಂಢರಪುರದ ವಾರಿಗೆ ನಡೆದು ಹೋಗಿರುತ್ತಾರೆ. ಎತ್ತುಗಳ ಹಬ್ಬದ ದಿನ ನೊಗ ಹೂಡುವುದಿಲ್ಲ. ಆ ಊರಲ್ಲಿ ಬೇಂದೂರ ಆಚರಿಸುತ್ತಾರೋ ಪೋಳಾ ಆಚರಿಸುತ್ತಾರೋ ಕೇಳಿಕೊಳ್ಳಿ. ಊರ ಜಾತ್ರೆಯ ದಿನ ಸಹ ಗುರುತು ಹಾಕಿ. ಇವೆಲ್ಲ ಕಳೆದು ಉಳಿದ ದಿನಗಳೇ ನಿಮ್ಮವು, ಎಣಿಸಿ ನೋಡಿದರೆ ಸಾಕಷ್ಟು ಇರುತ್ತವೆ.

ಹಂತ 2: ಕೂಲಿ, ಮುಯ್ಯಿ, ಉಪಕಾರ, ಯಾವುದು ಯಾವುದು ಎಂದು ಮೊದಲೇ ತಿಳಿಯಿರಿ

ಹೆಚ್ಚು ಮನಸ್ತಾಪ ಆಗುವುದು ಇಲ್ಲಿ. ದಿನವಿಡೀ ದುಡಿದರೆ ಅದು ಕೂಲಿ, ಸಂಜೆಗೇ ಕೊಡಬೇಕು. ಊರಿನಲ್ಲಿ ನಡೆಯುವ ದರವನ್ನೇ ಕೊಡಿ. ಪ್ರೀತಿಯಿಂದ ದುಪ್ಪಟ್ಟು ಕೊಟ್ಟರೆ ಮರುದಿನ ಪಕ್ಕದ ಸಣ್ಣ ರೈತನಿಗೆ ಆಳು ಸಿಗುವುದಿಲ್ಲ, ಆ ಸಿಟ್ಟು ನಿಮ್ಮ ಮೇಲೆ ಬರುತ್ತದೆ. ಒಂದೇ ಕೆಲಸ ಮಾಡುವ ಹೆಂಗಸಿಗೂ ಗಂಡಸಿಗೂ ಒಂದೇ ಕೂಲಿ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದು ಊರ ದರಕ್ಕೆ ತೊಡಕಾಗದಂತೆ ಮಾಡಬೇಕೆಂದರೆ ಅಷ್ಟು ಸಾಲಿಗೆ, ಅಷ್ಟು ಮಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ.

ಪಕ್ಕದವರು ಬಂದು ಅರ್ಧ ಗಂಟೆ ನಿಂತು ಸಾಲು ಹೇಗೆ ಬಿಡಬೇಕೆಂದು ತೋರಿಸಿದರೆ ಅದು ಉಪಕಾರ. ಅದಕ್ಕೆ ದುಡ್ಡು ಚಾಚಿದರೆ ಅವರಿಗೆ ಬೇಸರವಾಗುತ್ತದೆ. ಅದನ್ನು ತೀರಿಸುವ ದಾರಿ ಬೇರೆ ಇದೆ: ಪುಣೆಯಿಂದ ಹೊರಡುವಾಗ ಫೋನ್ ಮಾಡಿ ಔಷಧಿ, ಪಂಪಿನ ಬಿಡಿಭಾಗ, ಬೀಜ ಏನಾದರೂ ತರಬೇಕೇ ಎಂದು ಕೇಳುವುದು, ಆಸ್ಪತ್ರೆಗೋ ಕಾಲೇಜಿಗೋ ಬರುವವರನ್ನು ನಿಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗುವುದು. ಮುಯ್ಯಿಗೆ ಮುಯ್ಯಿ ಇರಬೇಕು. ಅವರ ಭತ್ತದ ಕೊಯ್ಲಿಗೆ ಒಂದು ಭಾನುವಾರ ನೀವೂ ಹೋಗಿ ಕಂತೆ ಹೊರಿ, ಮುಂದಿನ ಇಡೀ ವರ್ಷ ಮಾತಿನ ಧಾಟಿಯೇ ಬೇರೆ ಇರುತ್ತದೆ.

ರಾಸಾಯನಿಕ ಗೊಬ್ಬರ, ಔಷಧಿಯ ವಿಷಯದಲ್ಲಿ ಅವರಿಗೆ ಉಪದೇಶ ಮಾಡಬೇಡಿ. ಆ ಬೆಳೆಯ ಮೇಲೆ ಅವರ ಮನೆ ನಡೆಯುತ್ತದೆ. ನಿಮ್ಮ ಕಡೆಗೆ ಔಷಧಿ ಹಾರಿ ಬಾರದಂತೆ ಗಾಳಿ ನೋಡಿ ಹೊಡೆಯಿರಿ ಎಂದು ಕೇಳಿಕೊಳ್ಳುವುದು ಬೇರೆ ಮಾತು, ಅದನ್ನು ಕೇಳಬಹುದು.

ಹಂತ 3: ನೀರಿನ ಲೆಕ್ಕ

ಬಾವಿ, ಬೋರ್‌ವೆಲ್ ಯಾವುದನ್ನೂ ಜನವರಿಯಲ್ಲಿ ನೋಡಿ ನಂಬಬೇಡಿ. ಏಪ್ರಿಲ್-ಮೇನಲ್ಲಿ ಎಷ್ಟು ಹೊತ್ತು ಪಂಪ್ ಓಡುತ್ತದೆ ಎಂಬುದೇ ನಿಜವಾದ ಅಳತೆ. ಬಾವಿ ಪಾಲುದಾರಿಕೆಯಲ್ಲಿದ್ದರೆ ನಿಮ್ಮ ಪಾಳಿ ಯಾವ ದಿನ, ಎಷ್ಟು ತಾಸು ಎಂದು ಎಲ್ಲ ಪಾಲುದಾರರ ಎದುರಲ್ಲೇ ತೀರ್ಮಾನಿಸಿಕೊಳ್ಳಿ.

ಲೆಕ್ಕ ಸುಲಭ. ಒಂದು ಗುಂಟೆ ಸುಮಾರು 100 ಚದರ ಮೀಟರ್. ಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ 5 ಮಿ.ಮೀ. ನೀರು ಎಂದು ಹಿಡಿದರೆ ಗುಂಟೆಗೆ 500 ಲೀಟರ್, ಚಳಿಗಾಲದಲ್ಲಿ 300ರಿಂದ 400. ಎರಡು ಗುಂಟೆಗೆ 2000 ಲೀಟರಿನ ಟಾಕಿ ಇದ್ದರೆ ಎರಡು ದಿನದ ನೀರು ಕೈಯಲ್ಲಿರುತ್ತದೆ. ಟಾಕಿ ಬೇಕೇ ಬೇಕು, ಏಕೆಂದರೆ ಹೊಲದ ಮೂರು ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ, ಕೆಲವು ದಿನ ರಾತ್ರಿ ಮಾತ್ರ. ಟಾಕಿಯನ್ನು ಐದಾರು ಅಡಿ ಎತ್ತರದ ಗಟ್ಟಿ ಕಟ್ಟೆಯ ಮೇಲೆ ಇಟ್ಟರೆ ಎರಡು ಗುಂಟೆಯ ಡ್ರಿಪ್ ಪಂಪ್ ಇಲ್ಲದೆ ನಡೆಯುತ್ತದೆ. ಫಿಲ್ಟರ್ ಬಿಟ್ಟು ಡ್ರಿಪ್ ಹಾಕಿಸಬೇಡಿ.

ಎಚ್ಚರಿಕೆಯ ಗುರುತು: ಪೈಪಿನ ತುದಿಯಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುತ್ತಿದ್ದರೆ ನೀರಿನಲ್ಲಿ ಲವಣ ಹೆಚ್ಚಿದೆ. ಮಣ್ಣಿನ ಜೊತೆ ನೀರನ್ನೂ ಪರೀಕ್ಷೆಗೆ ಕೊಡಿ.

ಹಂತ 4: ಬೇಲಿ

ಫೆಬ್ರವರಿ ಒಳಗೆ ಮುಗಿಸಿ. ಸುಗ್ಗಿ ಮುಗಿದ ಮೇಲೆ ದನ, ಆಡು, ಕುರಿಗಳನ್ನು ಹೊಲಕ್ಕೆ ಮೇಯಲು ಬಿಡುವುದು ಊರ ರೂಢಿ, ಅದನ್ನು ತಪ್ಪೆನ್ನುವ ಹಾಗಿಲ್ಲ. ಕಲ್ಲುಕಂಬ ಅಥವಾ ಕಬ್ಬಿಣದ ಕಂಬಕ್ಕೆ ಜಾಲರಿ, ಕೆಳಗೆ ಒಂದಡಿ ಮಣ್ಣಿನೊಳಗೆ ಹೂತರೆ ಹಂದಿಯನ್ನೂ ತಡೆಯುತ್ತದೆ. ಗೇಟು 10ರಿಂದ 12 ಅಡಿ ಅಗಲ ಇರಲಿ. ಕಾರಿಗೆ ಸಾಕು ಎಂದು ಎಂಟಡಿ ಬಿಟ್ಟ ಗೇಟಿನಲ್ಲಿ ಟ್ರಾಲಿ ಸಮೇತ ಟ್ರ್ಯಾಕ್ಟರ್ ತಿರುಗುವುದಿಲ್ಲ. ಸೋಲಾರ್ ಬೇಲಿ ಹಾಕಿಸುವುದಾದರೆ ಅದಕ್ಕೆಂದೇ ಮಾಡಿದ ಯಂತ್ರದಿಂದಲೇ ಹಾಕಿಸಿ, ನೆರೆಯವರಿಗೆಲ್ಲ ತಿಳಿಸಿ, ಫಲಕ ಹಾಕಿ. ಲೈನಿನ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ. ಮನುಷ್ಯರೂ ದನಗಳೂ ಸಾಯುತ್ತವೆ.

ಹಂತ 5: ಮಣ್ಣು ಮುಟ್ಟುವ ಮುಂಚೆ

ಈ ಸೀಮೆಯ ಬಹಳಷ್ಟು ಕಡೆ ಮೇಲೆ ಒಂದೆರಡಡಿ ಮಣ್ಣು, ಕೆಳಗೆ ಮುರುಮು, ಅಂದರೆ ಗಟ್ಟಿ ಜಲ್ಲಿಕಲ್ಲಿನ ನೆಲ. ಜೆಸಿಬಿಯಿಂದ ನೆಲ ಸಮಮಾಡಿಸಬೇಡಿ ಎಂದು ಹೇಳುವುದು ಇದಕ್ಕಾಗಿ. ಎತ್ತರದ ಕಡೆಯ ಒಳ್ಳೆ ಮಣ್ಣು ತಗ್ಗಿಗೆ ಹೋಗಿ ಹೂತುಹೋಗುತ್ತದೆ, ಎತ್ತರದಲ್ಲಿ ಬರಿ ಮುರುಮು ಉಳಿಯುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಆ ಭಾಗ ಏಳಲು ವರ್ಷಗಳೇ ಬೇಕು. ಸಮಮಾಡಲೇಬೇಕಾದರೆ ಮೇಲಿನ ಮಣ್ಣನ್ನು ಮೊದಲು ಒಂದು ಕಡೆ ಗುಡ್ಡೆ ಹಾಕಿಸಿ, ಕೆಳಗಿನದನ್ನು ಸಮಮಾಡಿ, ಮತ್ತೆ ಮೇಲೆ ಹರಡಿಸಿ. ಯಂತ್ರದವನು ತಾಸು ಹೆಚ್ಚಾಗುತ್ತದೆ ಎನ್ನುತ್ತಾನೆ, ಆಗಲಿ. ಅವನ ಪಕ್ಕದಲ್ಲಿ ನೀವೇ ನಿಂತಿರಿ.

ಮಣ್ಣಿನ ಮಾದರಿ ತೆಗೆಯಲು ಮಾರ್ಚ್ ಒಳ್ಳೆಯ ತಿಂಗಳು. ಎಂಟರಿಂದ ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 6ರಿಂದ 8 ಇಂಚು ಆಳದ ಗುಂಡಿ ತೆಗೆದು, ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆತ್ತಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ. ತಿಪ್ಪೆ, ಮರದ ಬುಡ, ಬದುವಿನ ಅಂಚು ಬಿಡಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ತೆಗೆಯುತ್ತ ಅರ್ಧ ಕೆ.ಜಿ. ಉಳಿಸಿ, ನೆರಳಲ್ಲಿ ಒಣಗಿಸಿ. ಪುಣೆ ಜಿಲ್ಲೆಯಲ್ಲಿ ಬಾರಾಮತಿ ಮತ್ತು ನಾರಾಯಣಗಾಂವ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಪರೀಕ್ಷೆಗೆ ಅಲ್ಲಿ ವಿಚಾರಿಸಿ. ವರದಿಯಲ್ಲಿ ಮೊದಲು ನೋಡಬೇಕಾದದ್ದು ರಸಸಾರ (ಪಿಎಚ್) ಮತ್ತು ಸಾವಯವ ಇಂಗಾಲ. ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಗೊಬ್ಬರದಲ್ಲಿ ಕೈ ಬಿಗಿಹಿಡಿಯಬೇಡಿ. ಕಪ್ಪು ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು ಇರುತ್ತದೆ, ಅಂಥ ಮಣ್ಣಿಗೆ ವಿಡಿಯೋ ನೋಡಿ ಸುಣ್ಣ ಹಾಕುವವರಿದ್ದಾರೆ. ಅದು ದೊಡ್ಡ ತಪ್ಪು.

ಹಂತ 6: ಗೊಬ್ಬರ

ಗುಂಟೆಗೆ 200ರಿಂದ 250 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ಮಾರ್ಚ್‌ನಲ್ಲೇ ಮಾತಾಡಿ ಕಾಯ್ದಿರಿಸಿ, ಮೇನಲ್ಲಿ ಎಲ್ಲರೂ ತಮ್ಮ ತಮ್ಮ ಹೊಲಕ್ಕೆ ಹೇರುತ್ತಾರೆ.

ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಬಿಸಿ ಇದ್ದರೆ, ಸಗಣಿಯ ವಾಸನೆ ಬಂದರೆ, ಹುಲ್ಲಿನ ಎಳೆ ಗುರುತು ಸಿಕ್ಕರೆ ಇನ್ನೂ ಕಳಿತಿಲ್ಲ. ಅಂಥದ್ದನ್ನು ಹಾಕಿದರೆ ಗೆದ್ದಲು ಬರುತ್ತದೆ, ಅದಕ್ಕಿಂತ ಕೆಟ್ಟದ್ದು ಗೊಣ್ಣೆಹುಳು. ಊರವರು ಹುಮಣಿ ಎನ್ನುವುದು ಇದನ್ನೇ. ಬೆಳ್ಳಗೆ, ದಪ್ಪಗೆ, ಅರ್ಧಚಂದ್ರದಂತೆ ಮುದುರಿಕೊಂಡು ಬೇರು ತಿನ್ನುತ್ತದೆ. ಹಸಿ ಗೊಬ್ಬರ ಬಿಟ್ಟರೆ ಬೇರೆ ಇಲ್ಲ ಎಂದಾದರೆ ನಿಮ್ಮ ಜಾಗದ ಮೂಲೆಯಲ್ಲಿ ಗುಂಡಿ ಮಾಡಿ, ತೇವ ಇಟ್ಟು, ತಿಂಗಳಿಗೊಮ್ಮೆ ಮಗುಚಿ, ಸೆಪ್ಟೆಂಬರ್‌ವರೆಗೆ ಬಿಡಿ. ನಮ್ಮ ಕ್ರಮದಲ್ಲಿ ಗೊಬ್ಬರ ಬೇಕಾಗುವುದು ಆಗಲೇ.

ಹಂತ 7: ಏಪ್ರಿಲ್-ಮೇ, ಉಳುಮೆ

ಎರಡು ಗುಂಟೆಗೆಂದು ಟ್ರ್ಯಾಕ್ಟರ್ ಯಾರೂ ತರುವುದಿಲ್ಲ, ತಂದರೂ ಬಾಡಿಗೆ ಮೈಮೇಲೆ ಬೀಳುತ್ತದೆ. ಪಕ್ಕದ ಹೊಲಕ್ಕೆ ಬರುವ ದಿನ ಕೇಳಿಕೊಂಡು ಅದೇ ದಿನ ನಿಮ್ಮದನ್ನೂ ಸೇರಿಸಿ. ಎತ್ತು ಇರುವ ಮನೆ ಇದ್ದರೆ ಇನ್ನೂ ಒಳ್ಳೆಯದು, ಸಣ್ಣ ಜಾಗದ ಮೂಲೆಮೂಲೆಗೂ ನೇಗಿಲು ಹೋಗುತ್ತದೆ.

ಒಮ್ಮೆ ಆಳವಾಗಿ ಉತ್ತು ಹೆಂಟೆಗಳನ್ನು ಹಾಗೇ ಬಿಸಿಲಿಗೆ ಬಿಡಿ. ಮೇ ಬಿಸಿಲಿಗೆ ಕಳೆಯ ಬೇರು, ಹುಳುವಿನ ಕೋಶ ಒಣಗುತ್ತವೆ. ಗರಿಕೆಯನ್ನೂ ಜೇಕಿನ ಗಡ್ಡೆಯನ್ನೂ ಕೈಯಿಂದ ಆರಿಸಿ ಹೊರಗೆ ಹಾಕಿ. ಈ ಎರಡು ಕಳೆ ಇರುವ ನೆಲಕ್ಕೆ ರೋಟವೇಟರ್ ಹೊಡೆಸಲೇಬೇಡಿ. ಗರಿಕೆಯ ಪ್ರತಿ ತುಂಡೂ ಹೊಸ ಗಿಡವಾಗುತ್ತದೆ, ಜೇಕಿನ ಗಡ್ಡೆ ತೋಟವಿಡೀ ಹರಡುತ್ತದೆ. ನೆಲ ನುಣುಪಾಗಿ ಕಾಣುತ್ತದೆಂದು ಆಸೆಪಟ್ಟವರು ಆಗಸ್ಟ್‌ನಲ್ಲಿ ಅದರ ಫಲ ಉಣ್ಣುತ್ತಾರೆ.

ಮೊದಲ ಅಡ್ಡಮಳೆ ಬಿದ್ದ ಸಂಜೆ ಬೇವು, ಜಾಲಿ ಮರಗಳ ಮೇಲೆ ಕಂದು ದುಂಬಿಗಳು ಮುತ್ತಿದರೆ ಅವು ಗೊಣ್ಣೆಹುಳುವಿನ ತಾಯಂದಿರು. ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿ, ಕೆಳಗೆ ಬಟ್ಟೆ ಹಾಸಿ ಹಿಡಿದು, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಊರವರೆಲ್ಲ ಒಂದೇ ವಾರ ಮಾಡಿದರೆ ಮಾತ್ರ ಪ್ರಯೋಜನ.

ಹಂತ 8: ಮೃಗಶಿರ ಮಳೆಗೆ ಹಸಿರೆಲೆ ಗೊಬ್ಬರ

ಜೂನ್ ಎರಡನೇ ವಾರದ ಹೊತ್ತಿಗೆ ಮುಂಗಾರು ಪುಣೆಗೆ ಬರುತ್ತದೆ. ಆಗ ಬಿತ್ತಬೇಕಾದದ್ದು ತರಕಾರಿಯಲ್ಲ. ಪುರಂದರದಂಥ ಕಡಿಮೆ ಮಳೆಯ ಕಡೆ ಸೆಣಬು, ಊರವರ ಮಾತಿನಲ್ಲಿ ತಾಗ. ಮುಳಶಿಯ ಕಡೆ ನೀರು ನಿಲ್ಲುವ ನೆಲಕ್ಕೆ ಡಯಂಚಾ, ಅದು ನಿಂತ ನೀರನ್ನೂ ತಾಳುತ್ತದೆ. ಗುಂಟೆಗೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಬೀಜ ಸಾಕು. ದಟ್ಟವಾಗಿ ಬೆಳೆದು ಕಳೆಯನ್ನು ಅದೇ ಅದುಮುತ್ತದೆ, ಊರವರು ನಾಟಿಯಲ್ಲಿ ಮುಳುಗಿರುವ ಜುಲೈಯಲ್ಲಿ ನಿಮಗೆ ಯಾರ ಕೈಯೂ ಬೇಕಾಗುವುದಿಲ್ಲ.

ಹೂ ಬಿಡುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕತ್ತರಿಸಿ ಮಣ್ಣಿಗೆ ಸೇರಿಸಿ. ಬಲಿಯಲು ಬಿಟ್ಟರೆ ಕಾಂಡ ನಾರಾಗಿ ಕಳಿಯುವುದಿಲ್ಲ. ಅಷ್ಟರಲ್ಲಿ ಭತ್ತದ ನಾಟಿ ಮುಗಿದಿರುತ್ತದೆ, ಆಳೂ ಎತ್ತೂ ಸಿಗುತ್ತವೆ. ನೆಲ ಕೆಸರಾಗಿದ್ದರೆ ಟ್ರ್ಯಾಕ್ಟರ್ ಇಳಿಸಬೇಡಿ; ಕುಡಗೋಲಿನಿಂದ ಕೊಯ್ದು ಅಲ್ಲೇ ಹಾಸಿ, ಮಳೆ ಬಿಡುವು ಕೊಟ್ಟಾಗ ಗುದ್ದಲಿಯಿಂದ ಸೇರಿಸಿ.

ಮಳೆಗಾಲದಲ್ಲಿ ಕೈ ಹಾಕುವ ಮುಂಚೆ ಕೋಲಿನಿಂದ ಬಡಿದು ನೋಡಿ. ಕೊಳಕುಮಂಡಲ, ನಾಗರ ಈ ಹೊಲಗಳಲ್ಲಿ ಸಾಮಾನ್ಯ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ, 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಇರುವ ಆಸ್ಪತ್ರೆಗೆ ಹೋಗಿ. ಅಂಥ ಆಸ್ಪತ್ರೆ ಹತ್ತಿರ ಯಾವುದು ಎಂದು ಮೊದಲನೇ ಹಂತದಲ್ಲೇ ಕೇಳಿಟ್ಟುಕೊಂಡಿರಬೇಕು.

ಹಂತ 9: ಸೆಪ್ಟೆಂಬರ್, ಸಸಿ ಮತ್ತು ಮಡಿ

ಸೆಪ್ಟೆಂಬರ್ ಮೊದಲ ವಾರ ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ ಹಾಕಿ. ಟೊಮೆಟೊ 25ರಿಂದ 30 ದಿನಕ್ಕೆ, ಬದನೆ 30ರಿಂದ 35, ಮೆಣಸಿನಕಾಯಿ 35ರಿಂದ 40 ದಿನಕ್ಕೆ ನಾಟಿಗೆ ಬರುತ್ತವೆ. ಸಸಿಯ ಬುಡ ನೀರಾಗಿ, ತೆಳ್ಳಗಾಗಿ, ಒರಗಿ ಬೀಳುತ್ತಿದ್ದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದು. ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಗೊಬ್ಬರ ಬಳಸಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಬದಿಗಳನ್ನು ತೆರೆದಿಡಿ.

ತಳಿಗಳಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗಗಳನ್ನು ತಾಳುವಂಥದ್ದು. ಬದನೆಯಲ್ಲಿ ಪುಣೆಯದೇ ಆದ ಮಾಂಜರಿ ಗೋಟಾ ಹಾಕಿ. ಹಿಂಗಾರಿ ಈರುಳ್ಳಿಗೆ ಎನ್-2-4-1. ಅವರೆ, ಹೀರೆ, ಪುಂಡಿಯ ಬೀಜ ಕೊಳ್ಳುವ ಮುಂಚೆ ಪಕ್ಕದ ಮನೆಯ ಮಾವಶಿಯನ್ನು ಕೇಳಿ, ಡಬ್ಬಿಯಲ್ಲಿ ಇದ್ದೇ ಇರುತ್ತದೆ.

ಈಗ ಮಡಿ. 66 ಅಡಿ ಉದ್ದ, 33 ಅಡಿ ಅಗಲದ ಎರಡು ಗುಂಟೆಯಲ್ಲಿ 4 ಅಡಿ ಅಗಲದ ಮಡಿ, ಒಂದೂವರೆ ಅಡಿ ಓಡಾಡುವ ದಾರಿ ಬಿಟ್ಟರೆ ಸರಿಯಾಗಿ 12 ಮಡಿ ಆಗುತ್ತವೆ. ನಾಲ್ಕು ಅಡಿಗಿಂತ ಅಗಲ ಮಾಡಿದರೆ ನಡುವಿನ ಕಳೆಗೆ ಕೈ ಎಟುಕುವುದಿಲ್ಲ, ಮಡಿ ತುಳಿಯಬೇಕಾಗುತ್ತದೆ. ಎತ್ತರ 6ರಿಂದ 8 ಇಂಚು. ಇಳಿಜಾರಿಗೆ ಅಡ್ಡವಾಗಿ ಮಾಡಿ, ಕೊನೆಯಲ್ಲಿ ನೀರು ಹೊರಹೋಗುವ ಕಾಲುವೆ ಬಿಡಿ. ಗೊಬ್ಬರ ಇಡೀ ನೆಲಕ್ಕೆ ಎರಚುವುದಲ್ಲ, ಮಡಿಗೆ ಮಾತ್ರ. ಈ ಒಂದು ಕೆಲಸಕ್ಕೆ ಅನುಭವಸ್ಥರ ಕೈ ಬೇಕೇ ಬೇಕು: ಮೊದಲ ಮಡಿ ಅವರಿಂದ ಮಾಡಿಸಿ, ಎರಡನೆಯದಕ್ಕೆ ನೀವೂ ಕೈಹಾಕಿ.

ಹಂತ 10: ಅಕ್ಟೋಬರ್, ನಾಟಿ

ಹಸ್ತಾ ಮಳೆ ಸೆಪ್ಟೆಂಬರ್ ಕೊನೆಗೆ ಒಮ್ಮೆ ಜೋರಾಗಿ ಬಡಿಯುವುದುಂಟು. ಅದು ಕಳೆದ ಮೇಲೆ ನಾಟಿ ಮಾಡಿ, ಸಂಜೆ ಹೊತ್ತಿನಲ್ಲಿ. ಟೊಮೆಟೊಗೆ ಎರಡು ಮಡಿ, ಬದನೆಗೆ ಒಂದು, ಮೆಣಸಿನಕಾಯಿಗೆ ಎರಡು, ಅವರೆಗೆ ಒಂದು. ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿಗೆ ಮೂರು ಮಡಿ, ಆದರೆ ಒಂದೇ ದಿನ ಬಿತ್ತಬೇಡಿ. ಹತ್ತು-ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಉಳಿದ ಮೂರು ಮಡಿಯನ್ನು ಈರುಳ್ಳಿಗೆ ಇಟ್ಟುಕೊಳ್ಳಿ, ಅದರ ನಾಟಿ ಡಿಸೆಂಬರ್‌ಗೆ. ಸಾಲಿನ ನಡುವೆ ಭತ್ತದ ಹುಲ್ಲು ಹಾಸಿದರೆ ಕಳೆಯೂ ಕಡಿಮೆ, ನೀರೂ ಉಳಿಯುತ್ತದೆ.

ಮೊದಲ ಕಳೆ ಮೂರನೇ ವಾರದಲ್ಲಿ, ಎರಡನೆಯದು ಆರನೇ ವಾರದಲ್ಲಿ ತೆಗೆಯಲೇಬೇಕು. ಈ ಎರಡು ದಿನಗಳಿಗೆ ಆಳನ್ನು ನಾಟಿಯ ದಿನವೇ ಹೇಳಿಟ್ಟುಕೊಳ್ಳಿ, ಭತ್ತದ ಕೊಯ್ಲಿನ ದಿನ ಅವರನ್ನೇ ಕೇಳಿ ಹಿಂದೆಮುಂದೆ ಮಾಡಿಕೊಳ್ಳಿ.

ಕೈಮೀರುವ ಮುಂಚೆ ಕಾಣುವ ಗುರುತುಗಳು

ಮೆಣಸಿನಕಾಯಿ, ಟೊಮೆಟೊ ಎಲೆ ಮುದುರುತ್ತಿದ್ದರೆ ಎಲೆಯ ಅಡಿ ನೋಡಿ. ಬಿಳಿನೊಣ, ಥ್ರಿಪ್ಸ್ ಇರುತ್ತವೆ. ಬೇವಿನ ಬೀಜದ ಶೇ. 5ರ ಕಷಾಯ ಹೊಡೆಯಿರಿ: ಅರ್ಧ ಕೆ.ಜಿ. ಬೀಜ ಪುಡಿಮಾಡಿ ರಾತ್ರಿಯಿಡೀ ನೆನೆಸಿ, ಸೋಸಿ, 10 ಲೀಟರ್ ಮಾಡಿ, 20 ಗ್ರಾಂ ಸಾಬೂನು ಕರಗಿಸಿ ಸಂಜೆ ಸಿಂಪಡಿಸುವುದು. ಬೇವಿನ ಬೀಜ ಮರದಡಿ ಬೀಳುವುದು ಜೂನ್-ಜುಲೈಯಲ್ಲಿ, ಆಗಲೇ ಆರಿಸಿ ಒಣಗಿಸಿಟ್ಟಿರಬೇಕು. ಬದನೆಯ ಕುಡಿ ಬಾಡಿದರೆ ಒಳಗೆ ಹುಳು ಇದೆ, ಕುಡಿಯನ್ನು ಒಂದಿಂಚು ಕೆಳಗೆ ಚಿವುಟಿ ಸುಟ್ಟುಬಿಡಿ. ನೀರು ಇದ್ದೂ ಇಡೀ ಗಿಡ ಬಾಡಿದರೆ ಕಿತ್ತು ಬೇರು ನೋಡಿ, ಕಾಂಡ ಸೀಳಿ ನೋಡಿ. ಏನೆಂದು ತಿಳಿಯದಿದ್ದರೆ ಅಂಗಡಿಗೆ ಓಡುವ ಬದಲು ಗಿಡವನ್ನೇ ನೆರೆಯವರಿಗೆ ತೋರಿಸಿ, ಅದೇ ರೋಗ ಅವರ ಹೊಲದಲ್ಲೂ ಬಂದು ಹೋಗಿರುತ್ತದೆ.

ಹಂತ 11: ಕೊಯ್ಲು ಮತ್ತು ಮುಂದಿನ ಎರಡು ಗುಂಟೆ

ಡಿಸೆಂಬರ್ ಕೊನೆಯಿಂದ ಟೊಮೆಟೊ ಕಾಯಿ ಸುರಿಯುತ್ತದೆ. ನೆರೆಯವರಿಗೆ ಟೊಮೆಟೊ ಬುಟ್ಟಿ ಒಯ್ದರೆ ಅವರ ಹೊಲದಲ್ಲೂ ಅದೇ ಇರಬಹುದು. ಬಸಳೆ, ಹರಿವೆ, ಮಂಗಳೂರು ಸೌತೆಯಂಥ ನಮ್ಮ ಕಡೆಯವನ್ನು ಮಡಿಯ ಅಂಚಿಗೆ ಹಾಕಿಟ್ಟರೆ ಕೊಡಲು ಚೆನ್ನ, ಹೇಗೆ ಅಡಿಗೆ ಮಾಡುವುದೆಂದೂ ಹೇಳಿಬನ್ನಿ. ಮಾರುವ ಯೋಚನೆ ಮೊದಲ ವರ್ಷ ಬೇಡ. ಊರ ಸಂತೆಯಲ್ಲಿ ನೀವು ಕಡಿಮೆ ಬೆಲೆಗೆ ಮಾರಿದರೆ ಪಕ್ಕದವರ ಹೊಟ್ಟೆಗೆ ಹೊಡೆದಂತಾಗುತ್ತದೆ. ಹೆಚ್ಚಾದದ್ದನ್ನು ಪುಣೆಯ ನಿಮ್ಮ ಸೊಸೈಟಿಯಲ್ಲಿ ಕೊಡಿ, ಅಲ್ಲಿ ಕೊಳ್ಳುವವರು ಸಿಕ್ಕರೆ ನೆರೆಯವರ ಬಟಾಣಿ, ಅಂಜೂರ, ಇಂದ್ರಾಯಣಿ ಅಕ್ಕಿಗೂ ಅದೇ ದಾರಿ ತೆರೆಯಿರಿ.

ಎರಡನೇ ವರ್ಷ ಜಾಗ ಹೆಚ್ಚಿಸಬೇಕೇ ಎಂಬುದನ್ನು ಮಾರ್ಚ್‌ನಲ್ಲಿ ನಿರ್ಧರಿಸಿ. ಆಗ ಮೂರು ವಿಷಯ ನೋಡಿ: ಬಾವಿಯಲ್ಲಿ ಸಾಕಷ್ಟು ನೀರು ಉಳಿದಿದೆಯೇ, ಹನ್ನೆರಡೂ ಮಡಿಯಲ್ಲಿ ಕಳೆ ಹಿಡಿತದಲ್ಲಿದೆಯೇ, ಕಳೆದ ಸಲ ಬಂದ ಆಳುಗಳು ಈ ಸಲವೂ ಬರುತ್ತೇವೆ ಎನ್ನುತ್ತಿದ್ದಾರೆಯೇ. ಮೂರಕ್ಕೂ ಹೌದು ಎಂಬ ಉತ್ತರ ಇದ್ದರೆ ಪಕ್ಕದ ಎರಡು ಗುಂಟೆಗೆ ಮೇನಲ್ಲಿ ನೇಗಿಲು ಹೂಡಿ, ಜೂನ್‌ನಲ್ಲಿ ಅದಕ್ಕೂ ಸೆಣಬು ಬಿತ್ತಿ. ಒಂದಕ್ಕಾದರೂ ಇಲ್ಲ ಎಂದಾದರೆ ಇದ್ದ ಹನ್ನೆರಡು ಮಡಿಯಲ್ಲೇ ಬೆಳೆ ಬದಲಿಸಿ ಹಾಕಿ: ಟೊಮೆಟೊ, ಬದನೆ, ಮೆಣಸಿನಕಾಯಿ ಇದ್ದ ಮಡಿಗೆ ಅವರೆ, ಮೆಂತ್ಯ, ಅವು ಇದ್ದ ಮಡಿಗೆ ಟೊಮೆಟೊ.